ಚೋಕ್ ಎಳೆದಿಟ್ಟ ಹೊತ್ತು

ಜಾವ್ಖನ್ ಸೀಮೆಯ ಜನವರಿ.
ಉಗುಳಿದರೆ ನೆಲಕ್ಕೆ ಕಲ್ಲು ಬಿದ್ದ ಸದ್ದು.
ನನ್ನ ಗಂಡ ದಂಬಾ ಎದ್ದವನೇ
ಒಲೆಗೆ ಮುಂಚೆ, ದೇವರಿಗೆ ಮುಂಚೆ
ಎಂಜಿನ್ನಿನ ಮೇಲಿನ ಕಂಬಳಿ ಸರಿಸುತ್ತಾನೆ,
ಕೂಸಿನ ಹೊದಿಕೆ ತೆಗೆಯುವಷ್ಟು ಮೆಲ್ಲಗೆ.
ಚೋಕ್ ಎಳೆಯುತ್ತಾನೆ. ಒದೆಯುತ್ತಾನೆ, ಹನ್ನೊಂದು ಸಲ.
ಹನ್ನೆರಡಕ್ಕೆ ಅದು ಕೆಮ್ಮಿ, ಬೈದು, ಬದುಕುತ್ತದೆ.
ಆಮೇಲೆ ಒಳಗೆ ಬಂದು
ಉಪ್ಪು ಹಾಕಿದ ಹಾಲುಚಹಾ ಎರಡು ಬಟ್ಟಲು ಕುಡಿಯುತ್ತಾನೆ.
ಹೊರಗೆ ಗಾಡಿಯೂ ಕುಡಿಯುತ್ತಿರುತ್ತದೆ.

ನಿಂತಲ್ಲೇ ನಿಂತ ಗಾಡಿಗೆ
ಮೈಲೇಜು ಸೊನ್ನೆ ದಂಬಾ, ಎಂದೆ.
ತಣ್ಣಗಿನ ಎಂಜಿನ್ ಅಂದರೆ ನಿದ್ದೆಯಲ್ಲಿರುವ ಒಂಟೆ ಯಾನ್ಜಿಮಾ,
ಎಬ್ಬಿಸಿದ ಕೂಡಲೇ ಏರಬಾರದು, ಎಂದ.
ಹಳೆಯ ರಷ್ಯನ್ ಗಾಡಿಯ ಪಿಸ್ಟನ್ ತಂದು ತೋರಿಸಿದ,
ಮೈತುಂಬ ಗೀರು. ಅವಸರ ಹಡೆದದ್ದು ಇದು, ಎಂದ.
ಈಗ ಅದರೊಳಗೆ ನನ್ನ ಸೂಜಿದಾರ ಇಟ್ಟಿದ್ದೇನೆ.

ಮಾತಿಗೆ ಮಾತು ಬೇಡವೆಂದು ಅಳೆದೆ.
ದನದ ಡಾಕ್ಟರು ಬಿಟ್ಟುಹೋದ ಗ್ಲೂಕೋಸ್ ಬಾಟಲಿ,
ಮೈಮೇಲೆ ಮಿಲಿಲೀಟರಿನ ಗೆರೆ;
ತಲೆಕೆಳಗಾಗಿ ಕಟ್ಟಿ, ನಳಿಗೆಯನ್ನು ಕಾರ್ಬ್ಯುರೇಟರಿಗೆ ಸಿಕ್ಕಿಸಿ,
ಹಾಸ್ಟೆಲಿನಲ್ಲಿರುವ ಮಗಳ ಹಳೇ ನೋಟುಬುಕ್ಕಿನಲ್ಲಿ ಬರೆದೆ:
ಹತ್ತು ನಿಮಿಷ. ಎಪ್ಪತ್ತು ಮಿಲಿ.
ಮರುದಿನ ಎಪ್ಪತ್ತೆರಡು.
ಅದರ ಮರುದಿನ ಗಾಳಿ, ಬರೆಯಲಿಲ್ಲ.
ಮೂರು ಮುಂಜಾವಿಗೆ ಒಂದು ಬಟ್ಟಲು ತುಂಬ ಪೆಟ್ರೋಲು.
ಅಕ್ಟೋಬರಿನಿಂದ ಮಾರ್ಚಿನವರೆಗೆ ಕೂಡಿಸಿದರೆ
ಹನ್ನೆರಡೂವರೆ ಲೀಟರು.

ಅಷ್ಟಕ್ಕೆ ನಮ್ಮ ಗಾಡಿ ಐನೂರು ಕಿಲೋಮೀಟರು ಓಡುತ್ತದೆ,
ಎದುರುಗಾಳಿ ಇಲ್ಲದಿದ್ದರೆ,
ಹಿಂದೆ ಕುರಿ ಕಟ್ಟಿರದಿದ್ದರೆ.
ಶಾಲೆಯ ಊರು ಹೋಗುತ್ತ ಅರವತ್ತು, ಬರುತ್ತ ಅರವತ್ತು.
ಅಂದರೆ ನಾಲ್ಕು ಸಲ ಖುಲನ್.
ನಾಲ್ಕು ಸಲ ಅವಳ ಜಡೆ ಹೆಣೆಯಬಹುದಿತ್ತು.
ಅಷ್ಟನ್ನೂ ಈ ಗಾಡಿ ಬಾಗಿಲ ಮುಂದೆ ನಿಂತೇ
ಹಿಮಕ್ಕೆ ಊದಿಬಿಟ್ಟಿದೆ.

ದಂಬಾ ಓದಿದ. ಮತ್ತೊಮ್ಮೆ, ಬೆರಳಿಟ್ಟು.
ಕುರಿಯ ಲೆಕ್ಕ ದಿನಾ ತಪ್ಪುವವಳು
ಇದನ್ನು ಹೇಗೆ ಸರಿ ಮಾಡಿದೆ, ಎಂದ.
ಮರುದಿನದಿಂದ ಎರಡೇ ನಿಮಿಷ.
ಕೆಮ್ಮು ನಿಂತು ಸದ್ದು ಹದಕ್ಕೆ ಬಂದದ್ದೇ
ಚೋಕ್ ಅರ್ಧ ಒತ್ತಿ, ಎರಡನೇ ಗೇರಿನಲ್ಲಿ
ಆಡುಗಳ ಹಿಂದೆ ಆಡಿನಂತೆಯೇ ಹೊರಟ;
ಮೊದಲ ಗುಡ್ಡ ದಾಟುವ ತನಕ ಹಿಡಿ ತಿರುಚಲಿಲ್ಲ.
ಎಂಜಿನ್ ನಡೆಯುತ್ತ ನಡೆಯುತ್ತಲೇ ಬಿಸಿಯಾಯಿತು.
ಒಂಟೆ ಗೊಣಗಲಿಲ್ಲ.
ಒಂದು ದಿನ ಮಾತ್ರ, ಮೈನಸ್ ನಲವತ್ತಮೂರಕ್ಕೆ,
ಮೂರು ಸಲ ಸತ್ತುಹೋಯಿತು.
ಅಂದು ಹದಿನೈದು ನಿಮಿಷ ಉರಿಸಿದೆವು.
ಅದನ್ನೂ ಬರೆದಿದ್ದೇನೆ; ಲೆಕ್ಕಕ್ಕೆ ನಾಚಿಕೆ ಇಲ್ಲ.

ಉಳಿದದ್ದು ಫೆಬ್ರವರಿಗೆ ಕ್ಯಾನಿನಲ್ಲಿ ಕಣ್ಣಿಗೆ ಕಂಡಿತು.
ಹೊರಟೆವು. ಅವನ ಬೆನ್ನಿಗೆ ನಾನು, ನನ್ನ ಬೆನ್ನಿಗೆ
ಒಣಮೊಸರಿನ ಚೀಲ, ಬೇಯಿಸಿದ ಕುರಿಬಾಲ.
ಖುಲನ್ ಎರಡು ಬೆರಳು ಉದ್ದವಾಗಿದ್ದಳು.
ಜಡೆ ಬೇರೆ ಯಾರೋ ಹೆಣೆದಿದ್ದರು,
ನನಗಿಂತ ಬಿಗಿಯಾಗಿ.
ಬಿಚ್ಚಲಿಲ್ಲ ನಾನು.

ಮೂರಕ್ಕೆ ಹೊರಟರೆ ಕತ್ತಲೆಗೆ ಮುಂಚೆ ಮನೆ.
ಬಾಯ್ಲರ್ ಕೋಣೆಯ ಗೋಡೆಗೆ ಒರಗಿದ್ದ ಗಾಡಿ
ಎರಡನೇ ಒದೆತಕ್ಕೇ ಎದ್ದಿತು.
ಎರಡು ನಿಮಿಷ ಆಯಿತು.
ಹತ್ತು, ಎಂದ ದಂಬಾ, ಸೀಟು ತಟ್ಟಿ.
ನನಗೆ ಕೇಳಿಸಿದ್ದು ಹತ್ತು ನಿಮಿಷ.
ಇನ್ನೂ ಬಿಸಿಯಾಗಿಲ್ಲ ಇರು, ಎಂದೆ.
ಅವನು ಗವಸು ತೆಗೆದು ಸಿಲಿಂಡರಿನ ಮೇಲೆ ಕೈಯಿಟ್ಟ,
ತಟ್ಟನೆ ಹಿಂದಕ್ಕೆ ಎಳೆದುಕೊಂಡ,
ನನ್ನ ಮುಖ ನೋಡಿದ.
ಹೌದು, ತಣ್ಣಗಿದೆ, ಎಂದ.

ಕಿಟಕಿಯ ಮಂಜನ್ನು ಅಂಗೈಯಗಲ ಉಜ್ಜಿ
ಖುಲನ್ ನೋಡುತ್ತ ನಿಂತಳು.
ಸೈಲೆನ್ಸರಿನ ಕೆಳಗೆ ಹಿಮ ಕರಗಿ
ಬಟ್ಟಲಿನಷ್ಟು ಕಪ್ಪು ನೆಲ ಕಂಡಿತು.
ಆ ದಿನದ ಸಾಲಿನಲ್ಲಿ
ತಾರೀಕು ಮಾತ್ರ ಇದೆ.